ಕಲ್ಲಿನ ಮೇಲೆ ಕೂತವನು

ಕಲ್ಲಿನ ಮೇಲೆ ಕೂರದೆ ಕಲ್ಲಿಗೆ ಅಕ್ಷರ ಹತ್ತುವುದಿಲ್ಲ. ಇದು ಲಾಲ್ ಅಹ್ಮದನಿಗೆ ಅವನ ಅಪ್ಪ ಹೇಳಿಕೊಟ್ಟ ಮಾತು. ಅಪ್ಪನಿಗೆ ಅವನ ಅಪ್ಪ ಹೇಳಿದ್ದ. ಆಳೆತ್ತರದ ಕಲ್ಲನ್ನು ನೆಲಕ್ಕೆ ಮಲಗಿಸಬೇಕು. ಚಪ್ಪಲಿ ಬಿಟ್ಟು, ಕಾಲು ತೊಳೆದು, ಮೇಲೆ ಹತ್ತಿ ಕುಕ್ಕರುಗಾಲಲ್ಲಿ ಕೂರಬೇಕು. ಎಡಗಾಲಿನ ಹೆಬ್ಬೆರಳನ್ನು ಗೆರೆಯ ಅಂಚಿಗೆ ಒತ್ತಿ ಹಿಡಿಯಬೇಕು, ಉಳಿ ಜಾರದಂತೆ. ಆಮೇಲೆ ಪೆಟ್ಟು. ಕಲ್ಲಿನ ಪುಡಿ ಕಣ್ಣಿಗೆ, ಮೂಗಿಗೆ, ಗಂಟಲಿಗೆ. ಗುಡಿಯ ಕಲ್ಲಿರಲಿ, ಗೋರಿಯ ಕಲ್ಲಿರಲಿ, ಮಂತ್ರಿಗಳ ಹೆಸರು ಹೊತ್ತ ಅಡಿಗಲ್ಲಿರಲಿ, ಎಲ್ಲ ಹುಟ್ಟುವುದು ಹೀಗೇ. ಹುಟ್ಟುವಾಗ ನೋಡಲು ಯಾರೂ ಬರುವುದಿಲ್ಲ. ನಿಲ್ಲಿಸಿದ ಮೇಲೆ ಬಂದು ಕೈ ಮುಗಿಯುತ್ತಾರೆ.

ಅವನು ಕೊರೆದ ಅಕ್ಷರಕ್ಕೆ ಬಣ್ಣ ತುಂಬುವವಳು ಹೆಂಡತಿ ಗುಲ್ಶನ್. ಮದುವೆಯಾಗಿ ಕಮಲಾಪುರಕ್ಕೆ ಬಂದ ವರ್ಷದಿಂದ ಇದೇ ಕೆಲಸ. ಸಣ್ಣ ಕುಂಚ ಹಿಡಿದು, ಮೊಣಕಾಲೂರಿ, ಒಂದೊಂದೇ ಅಕ್ಷರದ ಕುಳಿಗೆ ಬಂಗಾರದ ಬಣ್ಣ ಇಳಿಸುತ್ತಾಳೆ. ಮೊಣಕಾಲಿನ ಚರ್ಮ ಕಪ್ಪಾಗಿ ದಪ್ಪಗಟ್ಟಿ ಒಂಟೆಯ ಮೊಣಕಾಲಿನಂತಾಗಿದೆ. ಅವಳು ಕನ್ನಡ ಓದಲು ಕಲಿತದ್ದು ಶಾಲೆಯಲ್ಲಿ ಅಲ್ಲ. ಸತ್ತವರ ಹೆಸರಿಗೆ ಬಣ್ಣ ತುಂಬುತ್ತ ತುಂಬುತ್ತ ಕಲಿತಳು.

ಆ ವರ್ಷ ಕಲಬುರಗಿಯ ಅಂಚಿಗೆ, ಶರಣಸಿರಸಗಿಯ ಹೊಸ ಲೇಔಟಿನ ಪಾರ್ಕಿನಲ್ಲಿ, ಒಂದು ಯುದ್ಧ ಸ್ಮಾರಕ ಎದ್ದಿತು. ದೇಶ ಕಾದಾಡಿದ ದೊಡ್ಡ ದೊಡ್ಡ ಲಡಾಯಿಗಳ ಹೆಸರು ಕರೀ ಕಲ್ಲಿನ ಮೇಲೆ ಬರಬೇಕು, ಒಂದು ಕಲ್ಲಿಗೆ ಒಂದು ಲಡಾಯಿ. ನೌಶೇರಾ, ರೆಜಾಂಗ್ ಲಾ, ಹಾಜಿಪೀರ್, ಅಸಲ್ ಉತ್ತರ, ಲೋಂಗೇವಾಲಾ. ಕೊನೆಯ ಕಲ್ಲು ಟೋಲೋಲಿಂಗ್. ಮಿಷಿನ್ನಿನ ಅಕ್ಷರ ಬೇಡ, ಕೈಕೆತ್ತನೆಯೇ ಆಗಬೇಕು ಎಂದು ಸಮಿತಿಯವರಿಗೆ ಹಟ. ಸಮಿತಿಯ ಕಾರ್ಯದರ್ಶಿ ಮುಕುಂದರಾವ್ ರಿಟೈರಾದ ಕಾಲೇಜು ಮೇಷ್ಟ್ರು, ಶರಣಬಸವೇಶ್ವರ ಗುಡಿಯ ಹಿಂದಿನ ಓಣಿಯವರು. ಲಾಲ್ ಅಹ್ಮದನನ್ನು ಬಹಳ ವರ್ಷದಿಂದ ಬಲ್ಲವರು. ಅವರೇ ಕರೆಸಿದರು.

ಲಾಲ್ ಅಹ್ಮದ ಕಲ್ಲುಗಳ ಹೆಸರನ್ನೆಲ್ಲ ಕೇಳಿದ. ಕೊನೆಯ ಹೆಸರು ಕೇಳಿದ ಮೇಲೆ ಬೇರೆ ಏನೂ ಕೇಳಲಿಲ್ಲ. "ಮಾಡ್ತೀನಿ ಸಾಬ" ಎಂದ.

ಯಾಕೆಂದರೆ ಅವನ ತಮ್ಮ ಫೈಜಾನ್ ಸತ್ತದ್ದು ಆ ಟೋಲೋಲಿಂಗ್ ಗುಡ್ಡದ ಮೇಲೆ. ಮದುವೆಯಾದ ವರ್ಷವೇ. ಅವನ ಹೆಂಡತಿ ಸನೋಬರ್ ಅವತ್ತಿನಿಂದ ಅದೇ ಮನೆಯ ಹಿಂದಿನ ಖೋಲಿಯಲ್ಲಿದ್ದಾಳೆ, ಬಟ್ಟೆ ಹೊಲಿಯುತ್ತಾಳೆ. ಇನ್ನೊಂದು ಲಗ್ನಕ್ಕೆ ಒಪ್ಪಲಿಲ್ಲ. ಪೆಟ್ಟಿಗೆಯಲ್ಲಿ ಬಂದವನ ಮುಖವನ್ನು ಅವಳಿಗೆ ಪೂರ್ತಿ ತೋರಿಸಿರಲಿಲ್ಲ. ಸ್ಮಾರಕದ ಸುದ್ದಿ ಕೇಳಿದ ದಿನ ಅವಳು ಹೊಲಿಗೆ ನಿಲ್ಲಿಸಿ ಗುಲ್ಶನಳ ಪಕ್ಕ ಬಂದು ಕೂತಳು.

"ಆ ಗುಡ್ಡ ನಾ ನೋಡಿಲ್ಲ ಆಪಾ. ನೋಡೋದೂ ಇಲ್ಲ ಇನ್ನ. ಹೆಸರರೆ ಒಮ್ಮೆ ಕೈಲೆ ಮುಟ್ಟತೀನಿ."

"ಮುಟ್ಟೀಯಂತ. ನಿನ್ನ ಭಾವ ಕೊರೀತಾರ, ನಾ ಬಣ್ಣ ತುಂಬತೀನಿ. ನಿನಗಿಂತ ಮೊದಲು ಯಾರೂ ಮುಟ್ಟಂಗಿಲ್ಲ" ಎಂದಳು ಗುಲ್ಶನ್. ಕೊಟ್ಟ ಮಾತು ಅದು.

ಗಂಡ ಹೆಂಡಿರು ದಿನಾ ಮುಂಜಾನೆ ಕಮಲಾಪುರದಿಂದ ಬಸ್ಸು ಹತ್ತಿ ಬಂದರು. ಬಿಸಿಲೆಂದರೆ ಕಲಬುರಗಿಯ ಬಿಸಿಲು, ಅದರಲ್ಲಿ ಕರೀ ಕಲ್ಲು. ಕಾದ ಹೆಂಚಿನ ಮೇಲೆ ರೊಟ್ಟಿಯನ್ನಾದರೂ ತಿರುವಿ ಹಾಕುತ್ತಾರೆ. ಲಾಲ್ ಅಹ್ಮದನ ಅಂಗಾಲು ಗುಳ್ಳೆ ಎದ್ದು ಒಡೆದವು. ಗೋಣಿ ಹಾಸಿಕೊಂಡು ಕೂರಿ ಅಂದರೆ ಕೇಳಲಿಲ್ಲ. ಗೋಣಿ ಜಾರಿದರೆ ಅಕ್ಷರ ಹೋಯಿತು ಎನ್ನುತ್ತಿದ್ದ.

ಲೋಂಗೇವಾಲಾದ ಕಲ್ಲಿನ ಕೊನೆಯ ಅಕ್ಷರ ಮುಗಿಯುತ್ತ ಬಂದಿತ್ತು. ಪಾರ್ಕಿಗೆ ವಾಕಿಂಗ್ ಬರುವವನೊಬ್ಬ ಬೇಲಿಯ ಆಚೆ ನಿಂತು ಫೋನು ಎತ್ತಿ ಹಿಡಿದ. ಗುಲ್ಶನ್ ನೋಡಿದಳು. ಕೆಲಸ ಚೆಂದ ಕಂಡಿರಬೇಕು ಎಂದುಕೊಂಡಳು. ಸೆರಗು ಸರಿಮಾಡಿಕೊಂಡು ಸಣ್ಣಗೆ ನಕ್ಕಳು ಕೂಡ. ಆ ನಗೆಯೂ ವೀಡಿಯೋದಲ್ಲಿ ಬಂತು.

"ವೀರರ ನೆತ್ತರಿನ ಮೇಲೆ ಇವನ ಕಾಲು ನೋಡಿ. ಇವನ ತಲೆಯ ಮೇಲಿನ ಟೋಪಿ ನೋಡಿ. ಪಕ್ಕದವಳ ನಗು ನೋಡಿ." ವೀಡಿಯೋದ ಕೆಳಗೆ ಹೀಗೆ ಬರೆದಿತ್ತು. ಊಟದ ಹೊತ್ತಿಗೆ ಅದು ಜಗತ್ ಸರ್ಕಲ್ಲಿನ ಪಾನ್ ಅಂಗಡಿಯಿಂದ ಹಿಡಿದು ಕಮಲಾಪುರದ ಬಾಳೆಹಣ್ಣಿನ ಬಂಡಿಯವರೆಗೆ ಎಲ್ಲರ ಕೈಯಲ್ಲೂ ಇತ್ತು. ಇವರಿಬ್ಬರಿಗೆ ಮಾತ್ರ ಗೊತ್ತಿರಲಿಲ್ಲ. ಮರದ ಕೆಳಗೆ ರೊಟ್ಟಿ ಬಿಚ್ಚಿಕೊಂಡು ಕೂತಿದ್ದರು.

ಬೈಕುಗಳು ಬಂದವು. ಹುಡುಗರು ಇಳಿದರು. ಒಬ್ಬ ಕೇಳಿದ: "ಲೇ, ಕಲ್ಲಿನ ಮ್ಯಾಲ ಕಾಲಿಟ್ಟು ಕುಂತವ ನೀನೇ ಏನಲೇ?"

"ಹೌದ್ರಿ. ಕುಂದರದಿದ್ರ ಹ್ಯಾಂಗ ಕೊರೀಲಿ?"

ಸತ್ಯ ಹೇಳಿದ. ಸತ್ಯಕ್ಕೆ ಕಪಾಳಕ್ಕೆ ಬಿತ್ತು. ಟೋಪಿ ಕಲ್ಲಿನ ಪುಡಿಯಲ್ಲಿ ಬಿತ್ತು. ರೊಟ್ಟಿಯನ್ನು ಬೂಟುಗಾಲಲ್ಲಿ ಒದ್ದರು. ಇನ್ನೊಬ್ಬ ಬೂಟು ಹಾಕಿಕೊಂಡೇ ಅದೇ ಕಲ್ಲಿನ ಮೇಲೆ ನಿಂತು ಘೋಷಣೆ ಕೂಗಿದ! ಅಲ್ಲ, ನೋಡುವವರಿಗೆ ಕಣ್ಣಿತ್ತೋ ಇಲ್ಲವೋ? ಅವನ ಕಾಲು ಯಾರಿಗೂ ಕಾಣಲಿಲ್ಲ. ಗುಲ್ಶನಳಿಗೆ ಕಂಡಿತು. ಅವಳು ಬಾಯಿ ತೆರೆದಳು. ಗಂಡ ಬೇಡವೆಂದು ಕಣ್ಣಲ್ಲೇ ಹೇಳಿದ. ಬಡವನ ಸಿಟ್ಟು ದವಡೆಗೆ ಮೂಲ. ಅವಳು ಬಾಯಿ ಮುಚ್ಚಿದಳು.

ಮನೆಗೆ ಬಂದರೆ ಮಗಳು ಮದಿಹಾ ಕತ್ತಲ ಮೂಲೆಯಲ್ಲಿ ಕೂತಿದ್ದಳು. ಕಲಬುರಗಿಯಲ್ಲಿ ನರ್ಸಿಂಗ್ ಓದುವ ಹುಡುಗಿ. ಪಕ್ಕದಲ್ಲೇ ಕೂರುತ್ತಿದ್ದ, ಒಂದೇ ಡಬ್ಬಿಯಲ್ಲಿ ಉಣ್ಣುತ್ತಿದ್ದ ಗೆಳತಿ ಸೃಷ್ಟಿ ಎದ್ದು ಬೇರೆ ಬೆಂಚಿಗೆ ಹೋಗಿದ್ದಳು. ಜಗಳವಿಲ್ಲ, ಮಾತಿಲ್ಲ. ಸುಮ್ಮನೆ ಚೀಲ ಎತ್ತಿಕೊಂಡು ಹೋದಳಂತೆ. "ಬೈದಿದ್ರ ಚಲೋ ಇತ್ತು ಅಮ್ಮಿ" ಎಂದು ಮದಿಹಾ ಅತ್ತಳು. ನಾಳೆಯಿಂದ ಕಾಲೇಜಿಗೆ ಹೋಗುವುದಿಲ್ಲ ಎಂದಳು.

ಮರುದಿನ ಮುಕುಂದರಾಯರು ಕಾರು ಮಾಡಿಕೊಂಡು ಕಮಲಾಪುರಕ್ಕೆ ಬಂದರು. ಒಳ್ಳೆಯ ಮನುಷ್ಯ, ಅದೇ ದೊಡ್ಡ ಸಂಕಟ. ಬೈಯಲು ಬಂದವನಿಗಾದರೆ ಬಾಗಿಲು ಹಾಕಿಕೊಳ್ಳಬಹುದು. ಗುಲ್ಶನ್ ಚಹಾ ಕೊಟ್ಟಳು. ಅವರು ಕುಡಿದರು.

"ನಿಂದೇನೂ ತಪ್ಪಿಲ್ಲಪಾ ಲಾಲ್ ಅಹ್ಮದ್. ನನಗ ಗೊತ್ತದ."

"ಹಂಗಂದ್ರ ಅದನ್ನ ಅವರಿಗಿ ಹೇಳ್ರಿ ಸಾಬ."

"ಅವರು ಕೇಳೋ ಮಂದಿ ಏನು? ಮಾಫಿ ಕೇಳಲಿ ಅಂತ ಕುಂತಾರ. ನಾ ಹೇಳಿದ್ರ ನನಗೂ ಒಂದು ಹೆಸರು ಇಡ್ತಾರ."

"ನಿಮ್ಮ ಅವ್ವಾರ ಕಲ್ಲು ಕೊರೀಬೇಕಾದ್ರ ನಾ ಎಲ್ಲಿ ಕುಂತಿದ್ನಿರಿ?"

ರಾಯರು ಚಹಾದ ಕಪ್ಪು ನೋಡಿದರು. ಅವರ ತಾಯಿ ಇಂದೂಬಾಯಿಯವರ ನೆನಪಿಗೆ ಗುಡಿಯ ಹತ್ತಿರ ಒಂದು ನೀರಿನ ಅರವಟ್ಟಿಗೆ ಕಟ್ಟಿಸಿದ್ದರು. ಅದರ ಕಲ್ಲು ಕೊರೆದವನೂ ಇವನೇ. ಇಂದೂಬಾಯಿಯ ಹೆಸರಿನ ಪಕ್ಕ ಇವನ ಪಾದವಿತ್ತು. ಅವತ್ತು ಬಿಸಿಲೆಂದು ಸ್ವತಃ ಮುಕುಂದರಾಯರೇ ಇವನ ತಲೆಯ ಮೇಲೆ ಕೊಡೆ ಹಿಡಿದು ನಿಂತಿದ್ದರು.

"ಅದು ಬ್ಯಾರೆ ಕಾಲ ಇತ್ತು" ಎಂದರು ರಾಯರು. ಕಪ್ಪು ಕೆಳಗಿಟ್ಟು ಹೇಳಿದರು: "ಒಂದು ದಾರಿ ಅದ. ನಿನ್ನ ತಮ್ಮಂದು ವರ್ದಿಯೊಳಗಿನ ಫೋಟೋ ಅದಲ್ಲ? ಆ ಮೆಡಲ್ಲು? ಸನೋಬರನ್ನ ಕರಕೊಂಡು ಬಾ. ಫೋಟೋ ಹಿಡಕೊಂಡು ಎಲ್ಲಾರ ಮುಂದ ನಿಂತ್ರಿ ಅಂದ್ರ ಯಾರ ಬಾಯೀನೂ ಏಳಂಗಿಲ್ಲ."

ಒಳಗೆ ಹೊಲಿಗೆ ಮಿಷಿನ್ನಿನ ಸದ್ದು ನಿಂತಿತು.

ಗುಲ್ಶನ್ ಬಾಗಿಲಲ್ಲಿ ನಿಂತಿದ್ದವಳು ಮುಂದೆ ಬಂದಳು. "ಸಾಬ, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಮ್ಮ ಮನ್ಯಾಗ ಯಾರೂ ಸತ್ತಿರಲಿಲ್ಲಂದ್ರ ಏನ್ ತೋರಸಬೇಕಿತ್ತು?"

ರಾಯರು ಎದ್ದು ಚಪ್ಪಲಿ ಹುಡುಕಿದರು.

"ಫೋಟೋ ಬರಂಗಿಲ್ಲ" ಎಂದ ಲಾಲ್ ಅಹ್ಮದ. "ನನ್ನ ತಮ್ಮ ಸತ್ತದ್ದು ನನ್ನ ಕಾಲಿಗೆ ಜಾಮೀನಾಗಾಕಲ್ಲ. ಮಾಫೀನೂ ಕೇಳಂಗಿಲ್ಲ. ಕೆಲಸ ಮಾಡೀನಿ. ಕಳವು ಮಾಡಿಲ್ಲ."

ಅಲ್ಲಿಗೇ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ರಾಯರು ಹೋದ ಮೇಲೆ ಗುಲ್ಶನಳೇ ಗಂಡನ ಬೆನ್ನು ಹತ್ತಿದಳು. ಮೂಲೆಯಲ್ಲಿ ಮಗಳು ಊಟ ಬಿಟ್ಟು ಕೂತಿದ್ದರೆ ತಾಯಿಗೆ ಮಾನ ಹೊಟ್ಟೆಗಿಂತ ದೊಡ್ಡದಾಗಿ ಕಾಣುವುದಿಲ್ಲ. "ಮಾಫಿ ಕೇಳಿದ್ರ ಎರಡು ಮಾತಿನಾಗ ಮುಗೀತದ. ಮದಿಹಾನ ಸಲುವಾಗಿ" ಎಂದಳು. "ಸನೋಬರನ ಕಲ್ಲು ಇನ್ನೂ ಉಳದದ" ಎಂದಳು. ಅವನು ಮೂಲೆಯಲ್ಲಿದ್ದ ಮಗಳ ಕಡೆ ನೋಡಿದ. ಆಮೇಲೆ ಹೂಂ ಎಂದ.

ರವಿವಾರ ಮುಂಜಾನೆ ಪಾರ್ಕು ತುಂಬಿತ್ತು. ಮಂದಿ ಮಕ್ಕಳನ್ನೂ ಕರೆತಂದಿದ್ದರು, ಜಾತ್ರೆಗೆ ತರುವಂತೆ. ಒಂದು ಬಕೀಟು ನೀರು, ಹಾಲಿನ ಪಾಕೀಟು. ಎಲ್ಲ ಕಲ್ಲುಗಳನ್ನೂ ತೊಳಿ ಎಂದರು. ಅವನು ತೊಳೆದ. ತಾನು ಕೊರೆದ ಒಂದೊಂದು ಅಕ್ಷರವನ್ನೂ ತಾನೇ ಮೈಲಿಗೆ ಎಂದು ಒಪ್ಪಿಕೊಂಡು ಹಾಲು ಸುರಿದು ತೊಳೆದ. ಜೈಕಾರ ಕೂಗು ಎಂದರು. ಕೂಗಿದ. ಅದು ಅವನಿಗೆ ಕಷ್ಟವಾಗಲಿಲ್ಲ, ಯಾವತ್ತೂ ಆಗಿರಲಿಲ್ಲ. ಆಮೇಲೆ ಒಬ್ಬ ಅಂದ: "ಮೂಗು ತಿಕ್ಕು."

ಒಪ್ಪಿದ ಮಾತಿನಲ್ಲಿ ಅದು ಇರಲಿಲ್ಲ. ಲಾಲ್ ಅಹ್ಮದ ಮುಕುಂದರಾಯರ ಕಡೆ ನೋಡಿದ. ರಾಯರು ಕನ್ನಡಕ ತೆಗೆದು ಧೋತರದ ಅಂಚಿನಿಂದ ಒರೆಸುತ್ತಿದ್ದರು. ಬಹಳ ಹೊತ್ತು ಒರೆಸಿದರು.

ಅವನು ಬಗ್ಗಿದ. ಅರವತ್ತರ ಹತ್ತಿರದ ಗಂಡಸು, ಮೊಣಕಾಲು ಮಡಚಿ, ಕಲ್ಲಿಗೆ ಮೂಗು ತಿಕ್ಕಿದ. ಮೂಗಿನ ತುದಿಯ ಚರ್ಮ ಸುಲಿಯಿತು. ಫೋನುಗಳು ಎಲ್ಲ ದಿಕ್ಕಿನಿಂದ ನೋಡಿದವು. ಯಾ ಅಲ್ಲಾ, ಇವನನ್ನು ಇಲ್ಲಿಗೆ ತಂದವಳು ನಾನು, ನಾನೇ ಎಂದು ಗುಲ್ಶನಳಿಗೆ ಎದೆ ಎದೆ ಬಡಿದುಕೊಳ್ಳಬೇಕೆನಿಸಿತು. ಕೈ ಏಳಲಿಲ್ಲ. ಸಂಜೆಗೆ ಹಾಲು ಕುಡಿದ ಅಕ್ಷರಗಳಿಗೆಲ್ಲ ಇರುವೆ ಮುತ್ತಿದ್ದವು.

ಅವತ್ತಿನಿಂದ ಲಾಲ್ ಅಹ್ಮದ ಮನೆಯಲ್ಲಿ ಮಾತು ಬಿಟ್ಟ. ಕೇಳಿದರೆ ಉತ್ತರ ಕೊಡುತ್ತಿದ್ದ. ತಾನಾಗಿ ಏನೂ ಹೇಳುತ್ತಿರಲಿಲ್ಲ. ಮದಿಹಾ ಕಾಲೇಜಿಗೆ ಹೋದಳು. ಸೃಷ್ಟಿ ಅವಳ ಬೆಂಚಿಗೆ ಮರಳಲಿಲ್ಲ. ಮೂಗು ತಿಕ್ಕಿದ್ದಕ್ಕೆ ಸಿಕ್ಕದ್ದು ಇಷ್ಟೇ.

ಉದ್ಘಾಟನೆಗೆ ಕಾರ್ಗಿಲ್ ದಿವಸ ಗೊತ್ತಾಗಿತ್ತು. ಅದು ಹತ್ತಿರ ಬಂತು, ಕೊನೆಯ ಕಲ್ಲು ಹಾಗೇ ಉಳಿದಿತ್ತು. ಮುಕುಂದರಾಯರ ಫೋನು ಬಂತು. ಗುಲ್ಶನಳೇ ಎತ್ತಿದಳು.

"ಗುಲ್ಶನ್‌ಬೀ, ಎಲ್ಲಾ ತಣ್ಣಗಾಗ್ಯದ. ಕೊನೀದೊಂದು ಮುಗಿಸಿ ಕೊಡ್ಲಿ ಅಂತ ಸಮಿತಿಯವರು ಒಪ್ಯಾರ. ಆದ್ರ ಮಂದಿಗಿ ಕಾಣಬಾರದಂತ ನೋಡ್ರಿ. ಸುತ್ತ ತಾಡಪತ್ರಿ ಕಟ್ಟಸ್ತೀವಿ. ಒಳಗ ಕುಂತು ಕೊರೀಲಿ."

"ಒಳಗ ಕಲ್ಲಿನ ಮ್ಯಾಲ ಕುಂತ್ರ ನಡೀತದೇನ್ರಿ?"

"ಕಾಣಂಗಿಲ್ಲಲ್ಲ, ನಡೀತದ."

ಗುಲ್ಶನ್ ಫೋನು ಇಟ್ಟಳು. ಅವಳಿಗೆ ಒಮ್ಮೆಲೇ ನಗು ಬಂತು. ನಗು ಮುಗಿಯುವ ಮೊದಲೇ ಅಳು ಬಂತು. ಇವನ ಕೈ ಬೇಕು, ಇವನ ಕಣ್ಣು ಬೇಕು, ಇವನ ಅಪ್ಪನ ವಿದ್ಯೆ ಬೇಕು. ಕಾಲಿಲ್ಲದೆ ಅದ್ಯಾವುದೂ ಬರುವುದಿಲ್ಲ ಎಂಬುದೂ ಅವರಿಗೆ ಗೊತ್ತು. ಗೊತ್ತಿದ್ದೇ ಮೂಗು ತಿಕ್ಕಿಸಿದರು. ಈಗ ಗೊತ್ತಿದ್ದೇ ಮುಚ್ಚಿ ಕೂರಿಸುತ್ತಾರೆ.

"ಹೋಗಬ್ಯಾಡ್ರಿ" ಎಂದಳು ಗಂಡನಿಗೆ. "ಅವತ್ತ ನಾ ಹೋಗಂದೆ. ಇವತ್ತ ನಾನೇ ಬ್ಯಾಡ ಅಂತೀನಿ."

"ಸನೋಬರನ ಕಲ್ಲು ಅದು" ಎಂದ ಅವನು. "ಮಾತು ಕೊಟ್ಟೀದಿ. ನನ್ನ ಮೂಗು ಹೋಗೇದ. ಇನ್ನ ಹೋಗೋದೇನದ?" ಉಳಿಯ ಚೀಲ ಹೆಗಲಿಗೆ ಹಾಕಿಕೊಂಡ.

ಬಿದಿರು ನೆಟ್ಟು ನೀಲಿ ತಾಡಪತ್ರಿ ಸುತ್ತಿದ್ದರು. ಮನುಷ್ಯ ಕೆಲಸ ಮಾಡುವ ಜಾಗವಾಗಿರಲಿಲ್ಲ ಅದು. ಹೆಣ ಕೊಯ್ಯುವ ಡೇರೆಯಾಗಿತ್ತು. ಗಾಳಿ ಆಡುತ್ತಿರಲಿಲ್ಲ. ಲಾಲ್ ಅಹ್ಮದ ಕಾಲು ತೊಳೆದುಕೊಂಡು ಒಳಗೆ ಹೋದ. ಗುಲ್ಶನ್ ಬಣ್ಣದ ಡಬ್ಬಿ ಹಿಡಿದು ಹೊರಗೆ ಕೂತಳು. ಕಾವಲಿಗೆ ಇಬ್ಬರು ಹುಡುಗರು ನಿಂತಿದ್ದರು. ಮುಕುಂದರಾಯರೂ ಬೇವಿನ ನೆರಳಿಗೆ ಕುರ್ಚಿ ಹಾಕಿಸಿಕೊಂಡಿದ್ದರು. ವಾಕಿಂಗಿನ ಮಂದಿ ಎಂದಿನಂತೆ ಸುತ್ತು ಹಾಕುತ್ತಿದ್ದರು.

ಟಕ್ ಟಕ್ ಎಂದು ಶುರುವಾಯಿತು. ಆ ಸದ್ದು ಅವಳಿಗೆ ಗಂಡನ ಉಸಿರಿನಷ್ಟೇ ಗುರುತು. ಟೋ ಮುಗಿಯಿತು, ಲೋ ಶುರುವಾಯಿತು ಎಂದು ಹೊರಗೇ ಕೂತು ಹೇಳಬಲ್ಲಳು. ನಡುವೆ ಸದ್ದು ನಿಂತಿತು. ಬೆವರು ಒರೆಸಿಕೊಳ್ಳುತ್ತಿರಬೇಕು ಎಂದುಕೊಂಡಳು. ಆಮೇಲೆ ಬೇರೆ ಸದ್ದು ಕೇಳಿತು. ಮದುವೆಯಾದಂದಿನಿಂದ ಅವಳು ಕೇಳದ ಸದ್ದು. ತಮ್ಮನ ಪೆಟ್ಟಿಗೆ ಬಂದ ದಿನವೂ ಅವನು ಹಾಗೆ ಅತ್ತಿರಲಿಲ್ಲ. ಬಾಯಿಗೆ ಬಟ್ಟೆ ತುರುಕಿಕೊಂಡು ಅಳುತ್ತಿದ್ದ, ಹೊರಗಿನವರಿಗೆ ಕೇಳದಂತೆ. ಅಳುವನ್ನೂ ತಾಡಪತ್ರಿಯ ಒಳಗೇ ಅಳಬೇಕೆಂದು ಕಲಿತುಬಿಟ್ಟಿದ್ದ.

ಗುಲ್ಶನ್ ಎದ್ದಳು. ಬಣ್ಣದ ಡಬ್ಬಿ ಉರುಳಿ ಮಣ್ಣಿಗೆ ಹರಿಯಿತು. ಬಿದಿರಿಗೆ ಕಟ್ಟಿದ ಹಗ್ಗ ಹಿಡಿದು ಜಗ್ಗಿದಳು. ಹಲ್ಲಿನಿಂದ ಗಂಟು ಕಚ್ಚಿ ಬಿಚ್ಚಿದಳು. ತಾಡಪತ್ರಿ ಒಂದು ಕಡೆ ಕುಸಿಯಿತು, ಇನ್ನೊಂದು ಕಡೆಯದನ್ನು ಎಳೆದು ಬೀಳಿಸಿದಳು. ಕಾವಲಿನವರು ಓಡಿ ಬರುವಷ್ಟರಲ್ಲಿ ಎಲ್ಲ ನೆಲಕ್ಕಿತ್ತು. ನಡುವೆ ಕರೀ ಕಲ್ಲು. ಅದರ ಮೇಲೆ ಲಾಲ್ ಅಹ್ಮದ, ಬರಿಗಾಲಲ್ಲಿ, ಮುಖ ತುಂಬ ಕಲ್ಲಿನ ಪುಡಿ, ಪುಡಿಯ ಮೇಲೆ ಕಣ್ಣೀರಿನ ಗೆರೆ.

"ನೋಡ್ರಿ!" ಎಂದು ಕೂಗಿದಳು. "ಬರ್ರಿ, ಎಲ್ಲಾರೂ ನೋಡ್ರಿ. ಇವು ನನ್ನ ಗಂಡನ ಕಾಲು. ಈ ಕಾಲಿಲ್ಲದ ನಿಮ್ಮ ಕಲ್ಲಿಗಿ ಒಂದು ಅಕ್ಷರ ಬಂದಿಲ್ಲ. ನಿಮ್ಮ ದೇವರ ಕಲ್ಲಿಗೂ ಬಂದಿಲ್ಲ, ನಮ್ಮ ಗೋರಿಗೂ ಬಂದಿಲ್ಲ. ಫೋನ್ ತಗೀರಿ! ಯಾಕ ಸುಮ್ಮ ನಿಂತೀರಿ? ಇವತ್ತ ನಾ ನಗಂಗಿಲ್ಲ, ಚಂದಾಗಿ ತಗೀರಿ!"

"ಗುಲ್ಶನ್‌ಬೀ, ಇದೇನ್ ಮಾಡಿದ್ರಿ!" ಮುಕುಂದರಾಯರು ಓಡಿ ಬಂದರು.

"ನಿಮ್ಮ ಅವ್ವಾರ ಹೆಸರಿನ ಮ್ಯಾಲ ಆಣಿ ಮಾಡಿ ಹೇಳ್ರಿ ಸಾಬ. ಇವರು ಎಲ್ಲಿ ಕುಂತು ಕೊರದಿದ್ರು, ನೀವು ಎಲ್ಲಿ ನಿಂತಿದ್ರಿ? ಇಷ್ಟು ಮಂದ್ಯಾಗ ಒಮ್ಮೆ ಹೇಳ್ರಿ."

ಮಂದಿ ರಾಯರನ್ನು ನೋಡಿದರು. ರಾಯರು ಬೆನ್ನು ತಿರುಗಿಸಿದರು. "ತಾಡಪತ್ರಿ ಕಟ್ಟ್ರಿ" ಎಂದರು ಹುಡುಗರಿಗೆ, ಸಣ್ಣ ದನಿಯಲ್ಲಿ.

"ಕಟ್ಟಬ್ಯಾಡ್ರಿ" ಎಂದ ಲಾಲ್ ಅಹ್ಮದ. ಆ ರವಿವಾರದಿಂದ ಈಚೆಗೆ ಅವನು ತಾನಾಗಿ ಆಡಿದ ಮೊದಲ ಮಾತು. ಎಡಗೈಯಲ್ಲಿ ಮುಖ ಒರೆಸಿಕೊಂಡ. ಕಾಲು ಕೆಳಗಿಡಲಿಲ್ಲ. "ತೆರದಿದ್ರ ಕೊರೀತೀನಿ. ಮುಚ್ಚಿದ್ರ ಇಳೀತೀನಿ. ನೀವೇ ಹೇಳ್ರಿ."

ಅವನು ಉಳಿ ಇಟ್ಟು ಪೆಟ್ಟು ಹಾಕಿದ. ಲೋ ಮುಗಿಸಿದ. ಬಾಯಿಂದ ಊದಿ ಪುಡಿ ಹಾರಿಸಿದ. ಮುಂದಿನ ಅಕ್ಷರಕ್ಕೆ ಹೆಬ್ಬೆರಳು ಸರಿಸುವಷ್ಟರಲ್ಲಿ ಹುಡುಗರು ರಟ್ಟೆ ಹಿಡಿದು ಎಳೆದರು. ಅವನು ಬಿದ್ದ. ಮೊಣಕೈ ಒಡೆಯಿತು. ಪೊಲೀಸರ ಜೀಪು ಬಂತು. ಗಂಡ ಹೆಂಡಿರಿಬ್ಬರನ್ನೂ ಕೂರಿಸಿಕೊಂಡು ಹೋಗಿ, ಬೈದು, ಶಾಂತಿ ಕದಡಿದರೆಂದು ಬರೆಸಿಕೊಂಡು, ಸಂಜೆಗೆ ಬಿಟ್ಟರು. ಬಸ್ಸಿನಲ್ಲಿ ಅವನು ಹೆಂಡತಿಯ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋದ. ನಾಲ್ಕು ಜನರ ಎದುರು ಅವನು ಯಾವತ್ತೂ ಹಾಗೆ ಮಾಡಿದವನಲ್ಲ.

ಸಮಿತಿಯವರು ಬೇರೆ ಕಲ್ಲುಕೆತ್ತುವವರನ್ನು ಹುಡುಕಿದರು. ಕಲಬುರಗಿಯಲ್ಲಿ ವಡ್ಡರ ಮನೆಗಳಿಗೆ ಹೋದರು, ಶಹಾಬಾದಿನವರೆಗೂ ಹೋದರು. ಒಬ್ಬ ಮುದುಕ ಕೇಳಿದನಂತೆ: "ಕುಂದರಾಕ ಬಿಡ್ತೀರೇನ್ರಿ?" ತಾಡಪತ್ರಿಯ ಒಳಗೆ ಬಿಡುತ್ತೇವೆ ಎಂದರು. "ಹಂಗಾದ್ರ ನಮಗ ಬರಂಗಿಲ್ಲ" ಎಂದು ಅವನು ಬೀಡಿ ಹಚ್ಚಿದನಂತೆ. ಅವನ ಜಾತಿ ಬೇರೆ, ದೇವರು ಬೇರೆ. ಕಾಲು ಒಂದೇ.

ಕಾರ್ಗಿಲ್ ದಿವಸ ಉದ್ಘಾಟನೆ ಆಯಿತು. ಬ್ಯಾಂಡು ಬಾರಿಸಿದರು, ಭಾಷಣ ಆಯಿತು. ಕೊನೆಯ ಕಲ್ಲಿಗೆ ಮಾತ್ರ ಮೇಲಿಂದ ಕೆಳಗಿನವರೆಗೆ ಚೆಂಡುಹೂವಿನ ಹಾರ ಇಳಿಬಿಟ್ಟಿದ್ದರು. ಎಲ್ಲರೂ ಅದಕ್ಕೇ ಹೆಚ್ಚು ಹೊತ್ತು ಸೆಲ್ಯೂಟ್ ಹೊಡೆದರು.

ಮಂದಿ ಕರಗಿದ ಮೇಲೆ ಗುಲ್ಶನ್ ಸನೋಬರಳ ಕೈ ಹಿಡಿದು ಪಾರ್ಕಿಗೆ ಬಂದಳು. ಬರಬೇಡ ಎಂದು ಎಷ್ಟೋ ಹೇಳಿದ್ದಳು. ಸನೋಬರ್ ಕೇಳಿರಲಿಲ್ಲ. ಫೈಜಾನ್ ರಜೆಗೆ ಬಂದಾಗ ತಂದಿದ್ದ ಹಸಿರು ಓಢಣಿ ಹೊದ್ದಿದ್ದಳು.

"ಸನೋಬರ್, ಮಾತು ಉಳಸಿಕೊಳ್ಳಲಿಲ್ಲ ನಾನು. ನಾ ಹಗ್ಗ ಬಿಚ್ಚದಿದ್ರ ನಿನ್ನ ಕಲ್ಲು ಪೂರಾ ಆಗತಿತ್ತು."

ಸನೋಬರ್ ಹಾರಗಳನ್ನು ಎರಡೂ ಕೈಯಿಂದ ಪಕ್ಕಕ್ಕೆ ಸರಿಸಿದಳು. ಟೋಲೋ ಎಂಬಷ್ಟು ಕಲ್ಲಿನಲ್ಲಿ ಇಳಿದಿತ್ತು. ಬಣ್ಣ ಇರಲಿಲ್ಲ. ಅದರ ಮುಂದೆ ಬರೀ ನುಣ್ಣನೆಯ ಕಲ್ಲು. ಅವಳು ಬೆರಳಿಟ್ಟಳು. ಟೋ ಎಂಬುದರ ಕುಳಿಯೊಳಗೆ ಬೆರಳು ಇಳಿದು ನಡೆಯಿತು. ಲೋ ದಾಟಿತು. ಕುಳಿ ಮುಗಿಯಿತು. ಬೆರಳು ನಿಲ್ಲಲಿಲ್ಲ. ಏನೂ ಇಲ್ಲದ ಕಲ್ಲಿನ ಮೇಲೆ, ನಿಧಾನವಾಗಿ, ಅಂಚಿನವರೆಗೆ ಹೋಯಿತು.

"ಇಲ್ಲೇ ಅದ ಆಪಾ" ಎಂದಳು ಸನೋಬರ್. "ಪೂರಾ ಅದ."